ಕಹಿ ತೀರ್ಥ

ಹೊಳೆನರಸೀಪುರದ ನಮ್ಮ ಮನೆಯ ದೇವರ ಗೂಡಿನಲ್ಲಿ, ತೀರ್ಥ ಕೊಟ್ಟೂ ಕೊಟ್ಟೂ ಅಂಚು ಸವೆದ ತಾಮ್ರದ ಉದ್ಧರಣೆಯೊಂದಿದೆ. ಆ ಪುಟ್ಟ ಚಮಚದಿಂದ ಮನೆಮಂದಿಗೆಲ್ಲ ತುಳಸಿ, ಪಚ್ಚಕರ್ಪೂರದ ಕಂಪಿನ ತೀರ್ಥ ಸಿಗುತ್ತಿತ್ತು. ನನಗೆ ಮಾತ್ರ ಕಹಿ. ಚೇಷ್ಟೆ ಮಾಡುವವರ ಅಂಗೈಗೆ ಬಿದ್ದರೆ ದೇವರ ನೀರೂ ಕಹಿಯಾಗುತ್ತದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಒಂಬತ್ತು ವರ್ಷದ ಹುಡುಗಿಗೆ ಇನ್ನೆಂಥ ತರ್ಕ ಹೊಳೆಯಬೇಕು, ನೀವೇ ಹೇಳಿ.

ನನ್ನ ಚೇಷ್ಟೆಯೂ ಸಾಮಾನ್ಯದ್ದಲ್ಲ. ಕೂತಲ್ಲಿ ಕೂರದೆ, ಹಿಡಿದ ಲೆಕ್ಕ ಮುಗಿಸದೆ, ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಅಲೆಯುತ್ತಿದ್ದ ನನಗೆ ಅರ್ಚಕರಾದ ಅಪ್ಪ ತಾಯತ ಕಟ್ಟಿಸಿ ಸೋತು, ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ಬಂದಮೇಲೆ ನಾನು ತರಗತಿಯಲ್ಲಿ ಕೂರತೊಡಗಿದೆ. ಹಸಿವೇ ಇಲ್ಲವಾಗಿ, ಡಬ್ಬಿಯ ಮೊಸರನ್ನ ಹಾಗೇ ಮನೆಗೆ ಮರಳತೊಡಗಿತು. ಹೂವು ತರುತ್ತಿದ್ದ ನಿಂಗಮ್ಮ, "ಸ್ವಾಮಿ, ನಿಮ್ ತೀರ್ಥ ಬಿದ್ಮ್ಯಾಕೆ ಮಗೀನ ಚೇಷ್ಟೆ ಅಂಗೇ ಇಳ್ದೋಯ್ತು" ಎಂದು ಕೈಮುಗಿದಳು. ಅಪ್ಪ ಹೂವು ತೆಗೆದುಕೊಂಡು ಒಳಗೆ ಹೋದರು.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ತೀರ್ಥದ ಕಹಿ ಹೋಯಿತು. ಅಂತೂ ಒಳ್ಳೆಯವಳಾದೆನೆಂದು ಹಿಗ್ಗಿದೆ. ಹಾಸನದ ಕಾಲೇಜಿಗೆ ಬಸ್ಸು ಹತ್ತಿದ್ದೇ ತಡ, ಹಳೆಯ ಚಕ್ರ ಮತ್ತೆ ಕಾಲಿಗೆ ಬಂತು. ಆ ವರ್ಷವೇ ಹಳೆಯ ಪಂಚಾಂಗಗಳ ನಡುವೆ ಆಸ್ಪತ್ರೆಯ ಚೀಟಿಗಳು ಸಿಕ್ಕವು, ಉಳಿದ ಕಥೆಯನ್ನು ಅಮ್ಮ ಹೇಳಿದಳು. ಮಗಳಿಗೆ ತಲೆಯ ಮಾತ್ರೆಯೆಂದು ಊರಿಗೆ ಗೊತ್ತಾದರೆ ನಾಳೆ ಗಂಡು ಸಿಗದೆಂದು ಹೆದರಿ, ಅಪ್ಪ ಆರು ವರ್ಷ ಅದನ್ನು ಅರೆದು ನನ್ನ ಪಾಲಿನ ತೀರ್ಥಕ್ಕೆ ಬೆರೆಸಿ, ಹತ್ತನೆಯದು ಮುಗಿದ ಮೇಲೆ ನಿಲ್ಲಿಸಿದ್ದರು. ಕೆಂಡದಂಥ ಕೋಪ ಬಂತು, ಚೀಟಿಗಳನ್ನು ಪಂಚಾಂಗದೊಳಗೇ ಮತ್ತೆ ಸಿಕ್ಕಿಸಿದೆ.

ಹತ್ತನೆಯ ತರಗತಿಯಲ್ಲಿ ನನಗೆ ಬಂದ ಮೊದಲ ದರ್ಜೆ ನನ್ನದೋ, ಮಾತ್ರೆಯದೋ? ನನ್ನ ಗಿಡ್ಡತನ ಮಾತ್ರೆಯಿಂದ ಬಂದದ್ದೋ, ಐದಡಿ ಮುಟ್ಟದ ಅಮ್ಮನಿಂದಲೋ? ಅರಕಲಗೂಡಿನಲ್ಲಿ ಟೀಚರಾಗಿ, ಮೂವತ್ತರ ಹೊಸ್ತಿಲಲ್ಲಿ ನಿಂತು ಹಾಸನದ ವೈದ್ಯೆಯೊಬ್ಬರನ್ನು ಕೇಳಿದರೆ, ಖಚಿತವಾಗಿ ಹೇಳಲಾಗದು ಎಂದರು. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ: ಯಾವ ಗುಡಿಯಲ್ಲಿ ಅಂಗೈ ಚಾಚಿದರೂ ನನ್ನ ನಾಲಿಗೆ ಇವತ್ತಿಗೂ ಕಹಿಗೆ ಕಾಯುತ್ತದೆ, ಅದಿಲ್ಲದಿದ್ದರೆ, ಸದ್ಯ, ಇವತ್ತು ಒಳ್ಳೆಯವಳೇ ಎಂದು ಮನಸ್ಸು ಹಗುರಾಗುತ್ತದೆ. ಇದನ್ನು ಮಾತ್ರೆಯ ತಲೆಗೆ ಕಟ್ಟುವುದು ಅನ್ಯಾಯ. ಅದನ್ನು ಮುಚ್ಚಿಟ್ಟದ್ದರಿಂದ ಬಂದ ಗುಣವಿದು.

ಆ ವೈದ್ಯೆ ಅಂಥದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು. ಮೊನ್ನೆ ಊರಿಗೆ ಹೋದಾಗ, ಪೂಜೆ ಮುಗಿಸಿ ಕೂತಿದ್ದ ಅಪ್ಪನ ಎದುರೇ, ನೀವು ಅರೆಯುತ್ತಿದ್ದಂಥದೇ ಇದು ಎಂದು ತೋರಿಸಿ, ಅದನ್ನು ಎರಡು ಹೋಳು ಮಾಡಿ ಅರ್ಧ ನುಂಗಿದೆ. ನನ್ನ ಅಂಗೈಯಲ್ಲಿ ಉಳಿದ ಚೂರು ಪುಡಿಯನ್ನು ಅಪ್ಪ ಬೆರಳ ತುದಿಗೆ ಒತ್ತಿಕೊಂಡು ನಾಲಿಗೆಗೆ ಮುಟ್ಟಿಸಿಕೊಂಡರು. ಆರು ವರ್ಷ ಅರೆದವರು ಒಂದು ದಿನವೂ ಅದರ ರುಚಿ ನೋಡಿರಲಿಲ್ಲ.

"ಇಷ್ಟೊಂದು ಕಹಿ ಇತ್ತೇನಮ್ಮಾ?"

"ಹೂಂ ಅಪ್ಪ. ನಾನು ಕೆಟ್ಟೋಳು, ಅದಕ್ಕೇ ನನಗೆ ಮಾತ್ರ ಕಹಿ ಅಂದ್ಕೊಂಡಿದ್ದೆ."

ಅಪ್ಪ ಉದ್ಧರಣೆಯನ್ನು ಬಟ್ಟಲಲ್ಲೇ ಬಿಟ್ಟು ತಲೆ ತಗ್ಗಿಸಿ ಕೂತರು. ಕೊನೆಗೆ ನಾನೇ ಅಂಗೈ ಚಾಚಿದೆ. ಅವರು ಒಂದು ಉದ್ಧರಣೆ ತೀರ್ಥ ಹಾಕಿದರು, ಕುಡಿದೆ. ಬಾಯಲ್ಲಿ ಮಾತ್ರೆಯ ಕಹಿ ಇನ್ನೂ ಇತ್ತು. ತೀರ್ಥಕ್ಕೆ ತುಳಸಿಯದೇ ರುಚಿ.