ಹಾಜರಿ ಟೋಕನ್ನಿನ ಪ್ರಶ್ನೆ

ಆ ಸಂಜೆ ಭದ್ರಾವತಿಯ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ, ಅವರ ಜೊತೆ ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಪಕ್ಕದ ಮನೆಯ ಮಾಮ, ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಕೂತಿದ್ದರು. ನಾನು ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಮ್ಯಾನೇಜರ್ ಆದವರು ಇಂಥಿಂಥ ಸಂದರ್ಭದಲ್ಲಿ ಏನು ತೀರ್ಮಾನ ಮಾಡಬೇಕು ಎಂಬ ಪ್ರಶ್ನೆಗಳು ಅದರಲ್ಲಿ ಬರುತ್ತಿದ್ದವು. ನನ್ನ ಜಾಣತನ ಇವರಿಗೂ ತಿಳಿಯಲಿ ಎಂದು ಒಂದನ್ನು ಕನ್ನಡದಲ್ಲಿ ಹೇಳಿದೆ. ಕೆಲಸಗಾರನೊಬ್ಬ ಗೇಟಿನ ಡಬ್ಬಿಗೆ ತನ್ನ ಹಾಜರಿ ಟೋಕನ್ ಜೊತೆ, ಅವತ್ತು ಕೆಲಸಕ್ಕೆ ಬಾರದ ಗೆಳೆಯನ ಟೋಕನ್ನನ್ನೂ ಹಾಕಿ, ಅವನಿಗೂ ಹಾಜರಿ ಬೀಳುವಂತೆ ಮಾಡಿ ಸಿಕ್ಕಿಬಿದ್ದಿದ್ದಾನೆ. ಏನು ಮಾಡಬೇಕು?

"ಅವ್ನು ಯಾಕೆ ಬರ್ಲಿಲ್ವಂತೆ?" ಎಂದರು ಅಪ್ಪ.

"ಅದೆಲ್ಲ ಕೊಟ್ಟಿಲ್ಲಪ್ಪ. ಇಬ್ರೂ ಕಳ್ರೇ. ಇಬ್ರನ್ನೂ ಕೆಲ್ಸದಿಂದ ತೆಗೀಬೇಕು," ಎಂದೆ.

ಮಾಮ ನಕ್ಕುಬಿಟ್ಟರು. "ಹಂಗಾದ್ರೆ ನೀನು ಹುಟ್ಟಿದ್ ದಿನಾನೇ ನಮ್ಮಿಬ್ರನ್ನೂ ಮನೆಗೆ ಕಳಿಸ್ಬೇಕಿತ್ತು ಮಾರಾಯ್ತಿ! ನಿಮ್ಮಪ್ಪ ಆಸ್ಪತ್ರೇಲಿ ಇದ್ದ. ಅವನ ಟೋಕನ್ ಹಾಕ್ದೋನು ನಾನೇ."

ಅಮ್ಮನ ಕೈ ನಿಂತಿತು. ಅಪ್ಪ ನೆಲ ನೋಡುತ್ತಿದ್ದರು. ತಪ್ಪಾಯ್ತು ಮಾಮ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮಾಡಿದ್ದೇನೆಂದರೆ, ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದ ಪುಟ ತೆಗೆದು, "ನೋಡಿ, ನನ್ನ ಉತ್ತರಾನೇ ಸರಿ," ಎಂದು ಅವರ ಮುಂದೆ ಹಿಡಿದೆ. ಇಂಗ್ಲಿಷ್ ಬಾರದ ಮಾಮ ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ, "ಹೌದೌದು, ಬುಕ್ಕಲ್ಲೇ ಇದೆಯಲ್ಲ," ಎಂದು ತಲೆಯಾಡಿಸಿದರು. ಅದನ್ನು ನೆನೆದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಪರೀಕ್ಷೆಯ ದಿನ ಬಸ್ಸುಗಳು ಓಡಲಿಲ್ಲ. ಮಾಮ ನನ್ನನ್ನು ತಮ್ಮ ಮೊಪೆಡ್ಡಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದು, ಪರೀಕ್ಷೆ ಮುಗಿಯುವವರೆಗೂ ಅಲ್ಲಿನ ಕಾಲೇಜಿನ ಗೇಟಿನ ಬಳಿಯೇ ಕಾದರು. ಅವತ್ತು ಫೌಂಡ್ರಿಗೆ ರಜೆ ಇರಲಿಲ್ಲ. ಮಾಮನ ಟೋಕನ್ನನ್ನು ಅಪ್ಪ ಹಾಕಿದ್ದರು.