ಮುನಿರಾಜಣ್ಣನ ಎಡಗೈ ಉಗುರು

ಮುನಿರಾಜಣ್ಣನ ಎಡಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು. ಮಿಕ್ಕ ಬೆರಳುಗಳ ಉಗುರೆಲ್ಲ ಗ್ರೀಸು ತುಂಬಿಕೊಂಡು ಮೊಂಡಾಗಿದ್ದರೆ ಇದೊಂದನ್ನು ಮಾತ್ರ ಆತ ಮುದ್ದಿನ ಮಗಳಂತೆ ಸಾಕಿಕೊಂಡಿದ್ದ. ಎಂಜಿನ್ ಬಿಚ್ಚಿದಾಗ ಟೈಮಿಂಗ್ ಚೈನು ಓಡುವ ಹಲ್ಲಿನ ಚಕ್ರವನ್ನು, ಅಂದರೆ ಸ್ಪ್ರಾಕೆಟ್ಟನ್ನು, ಡೀಸೆಲ್‌ನಲ್ಲಿ ತೊಳೆದು, ಕಣ್ಣು ಮುಚ್ಚಿ, ಆ ಉಗುರಿನಿಂದ ಒಂದೊಂದೇ ಹಲ್ಲು ಸವರುತ್ತಿದ್ದ. ಸವೆದ ಹಲ್ಲು ಗಿಳಿಯ ಕೊಕ್ಕಿನ ಹಾಗೆ ಒಂದು ಕಡೆಗೆ ಬಾಗಿರುತ್ತದೆ. ಉಗುರು ಅಲ್ಲಿ ತಡೆಯುತ್ತದೆ.

ಆತನಿಗೆ ದುಡಿದು ತಿನ್ನುವ ಗ್ರಹಚಾರವೇನೂ ಇರಲಿಲ್ಲ. ಲಗ್ಗೆರೆಯ ಹಳೇ ಊರಿನವನು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮೂರು ಕಟ್ಟಡ ಎದ್ದಿದ್ದವು. ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು, ಗಾಡಿ ಓಡಿಸುವವರು ಅವುಗಳಲ್ಲಿ ಬಾಡಿಗೆಗಿದ್ದರು. ಈತ ಮಾತ್ರ ಕೆಳಗಿನ ಶೆಡ್ಡಿನಲ್ಲಿ ಖಾಕಿ ಅಂಗಿ ತೊಟ್ಟು ಎಂಜಿನ್ನುಗಳ ಹೊಟ್ಟೆಗೆ ಕೈ ಹಾಕಿಕೊಂಡು ಕೂತಿರುತ್ತಿದ್ದ. ಎದುರಿಗೇ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. "ಓನರ್ ಆದೋನು ಆರಾಮಾಗಿ ಕೂರಬಾರದಾ?" ಎಂದು ರೇಗಿಸಿದರೆ, "ಕೂತ್ರೆ ತುಕ್ಕು ಇಡೀತದೆ ಸೆಟ್ಟಿ, ನಿನ್ ಅಂಗಡಿ ಮಾಲಿನಂಗೆ" ಎನ್ನುತ್ತಿದ್ದ.

ಉಗುರೊಂದನ್ನೇ ನಂಬುತ್ತಿದ್ದ ಎಂದಲ್ಲ. ಅದು ಆತನಿಗೆ ಮೊದಲ ಸಾಕ್ಷಿ. ಎರಡನೆಯದು ಚೈನು. ಹೊಸ ಚೈನನ್ನು ಚಕ್ರದ ಮೇಲೆ ಬಿಗಿಯಾಗಿ ಸುತ್ತಿ, ನಡುವೆ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದ. ಚೈನು ಮೇಲೆದ್ದು ಸಂದಿಯಲ್ಲಿ ಬೆಳಕು ಕಂಡರೆ ಆ ಚಕ್ರ ಗುಜರಿಗೆ. "ಒಸ ಚೈನು ಆಕಿ ಸವೆದಿರೋ ಚಕ್ರ ಬಿಟ್ರೆ, ಉಳುಕು ಅಲ್ಲು ಇಟ್ಕೊಂಡು ಕಬ್ಬು ಅಗಿದಂಗೆ. ಎರಡು ಸಾಕ್ಷಿ ಇಲ್ದೆ ತೀರ್ಪು ಕೊಡಬಾರದು ಕಣಯ್ಯ." ಇದನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಆತ ಬಾಯಿ ತೆರೆಯುವ ಮೊದಲೇ ನಾನೇ ಹೇಳಿಬಿಡುತ್ತಿದ್ದೆ.

ಎರಡನೇ ಸಾಕ್ಷಿ ಕೇಳದೆ ಆತ ತೀರ್ಪು ಕೊಟ್ಟದ್ದು ಒಂದೇ ಒಂದು ಸಲ. ಅವತ್ತು ಬೀಗರ ಊಟ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಜರಿ ಶಲ್ಯ ಹಾಕಿಕೊಂಡು ಮದುಮಗನ ಹಾಗೆ ಶೆಡ್ಡಿಗೆ ಬಂದ. ಹೊರಗೆ ಅಳಿಯ ಹಾರ್ನ್ ಹೊಡೆಯುತ್ತಿದ್ದ. ಒಳಗೆ ಬಿಚ್ಚಿಟ್ಟಿದ್ದ ಎಂಜಿನ್ ಯಮನೂರನ ಕಾರಿನದು. ಯಮನೂರ ಸಿಂಧನೂರಿನ ಕಡೆಯವನು, ಮುನಿರಾಜಣ್ಣನ ಮಹಡಿ ಮೇಲಿನ ರೂಮಿನಲ್ಲೇ ಹೆಂಡತಿಯೊಂದಿಗೆ ಬಾಡಿಗೆಗಿದ್ದ. ಐಟಿ ಕಂಪನಿಯವರನ್ನು ಮಾರತ್ತಹಳ್ಳಿಗೆ ಬಿಟ್ಟು ಕರೆತರುವ ಟ್ರಿಪ್ಪು ಅವನದು. ನಾನು ಹೊಸ ಚೈನು, ಹೊಸ ಸ್ಪ್ರಾಕೆಟ್ ಎರಡನ್ನೂ ತಂದು ನಿಂತಿದ್ದೆ. ಚೈನು ಎಳೆದು ನೋಡಿದರೆ ಬಿಳಿ ಅಂಗಿಗೆ ಎಣ್ಣೆ ಸಿಡಿಯುತ್ತದೆ. ಮುನಿರಾಜಣ್ಣ ತೋಳಳತೆ ದೂರ ನಿಂತು, ಕೈ ಮಾತ್ರ ಚಾಚಿ, ಹಳೇ ಚಕ್ರದ ಮೇಲೆ ಉಗುರು ಒಮ್ಮೆ ಓಡಿಸಿ, ಶೆಡ್ಡಿನ ಹುಡುಗರಿಗೆ ಹೇಳಿದ. "ಇದೇ ನಡೀತದೆ, ಆಕ್ರಲಾ. ಸೆಟ್ಟಿ, ನಿನ್ ಚಕ್ರ ವಾಪಸ್ ತಗೊಂಡೋಗು." ಆತನ ಮಾತಿಗೆ ಎದುರಾಡುವ ಪದ್ಧತಿ ನಮ್ಮ ರಸ್ತೆಯಲ್ಲಿ ಇರಲಿಲ್ಲ.

ಆ ಬೇಸಿಗೆಯಲ್ಲೇ ಒಂದು ಬೆಳಗ್ಗೆ ಯಮನೂರನ ತಾಯಿ ತೀರಿಕೊಂಡ ಸುದ್ದಿ ಬಂತು. ಅವನು ಹೆಂಡತಿಯನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಹೊರಟ. ಹಿರಿಯೂರು ದಾಟಿದ ಮೇಲೆ ಎಂಜಿನ್ ಕರಕರ ಎಂದು ನಿಂತೇಹೋಯಿತು. ಸವೆದ ಹಲ್ಲಿನ ಮೇಲೆ ಚೈನು ಜಿಗಿದು ವಾಲ್ವುಗಳೆಲ್ಲ ಬಾಗಿದ್ದವು. ಸಿಕ್ಕ ಲಾರಿ, ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ಜನ ಮಣ್ಣು ಮುಗಿಸಿ ಕೈಕಾಲು ತೊಳೆದುಕೊಂಡಿದ್ದರು. ಒಬ್ಬನೇ ಮಗ, ತಾಯಿಗೆ ಹಿಡಿ ಮಣ್ಣು ಹಾಕಲಾಗಲಿಲ್ಲ.

ಕಾರನ್ನು ಎಳೆಸಿಕೊಂಡು ಮರಳಿ ಬಂದ ಯಮನೂರ ಬೈದಿದ್ದರೆ ಮುನಿರಾಜಣ್ಣ ಬದುಕಿಕೊಳ್ಳುತ್ತಿದ್ದನೇನೋ. ಅವನು ಬೈಯಲಿಲ್ಲ. "ಇರ್ಲಿ ಬಿಡ್ರಿ ಗೌಡ್ರ, ಕಬ್ಬಿಣದ ಹೊಟ್ಯಾಗ ಏನೈತಂತ ಯಾರಿಗ್ ಗೊತ್ತಾಗತೈತಿ" ಎಂದ. ಮುನಿರಾಜಣ್ಣ ತಲೆ ತಗ್ಗಿಸಿ, "ನಂಗೆ ಗೊತ್ತಾಗ್ತಿತ್ತು ಕಣಪ್ಪ, ನೋಡ್ಲಿಲ್ಲ" ಎಂದ. ಅವತ್ತೇ ಆ ಉಗುರನ್ನು ಬುಡದವರೆಗೆ ಕತ್ತರಿಸಿದ. ಸವೆದ ಚಕ್ರವನ್ನು ಶೆಡ್ಡಿನ ಗೋಡೆಗೆ, ದೇವರ ಪಟದ ಪಕ್ಕದಲ್ಲೇ, ಮೊಳೆ ಹೊಡೆದು ನೇತುಹಾಕಿದ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ. "ಅದೇನು ದೇವರಾ?" ಎಂದು ನಾನು ನಕ್ಕಾಗ, ಆತ ನಗಲಿಲ್ಲ.

ಬಿಳಿ ಬಟ್ಟೆ ತೊಡುವುದನ್ನೂ ಬಿಟ್ಟ. ಸ್ವಂತ ಮೊಮ್ಮಗಳ ಆರತಿಗೆ ಖಾಕಿ ಅಂಗಿಯಲ್ಲೇ ಬಂದು ಹೆಂಡತಿಯಿಂದ ಸಹಸ್ರನಾಮ ಮಾಡಿಸಿಕೊಂಡ. ಯಾವ ಎಂಜಿನ್ ಬಿಚ್ಚಿದರೂ, ಹಲ್ಲು ಚೆನ್ನಾಗಿದ್ದರೂ, "ನನ್ನ ಕೇಳಬ್ಯಾಡಿ, ಒಸದು ಆಕಿ" ಎನ್ನತೊಡಗಿದ. ನನ್ನ ಅಂಗಡಿಗೆ ಅದರಿಂದ ಸುಗ್ಗಿ. ಇನ್ನೊಬ್ಬನ ಸಂಕಟದಿಂದ ನನ್ನ ಗಲ್ಲಾ ತುಂಬುತ್ತಿದೆ ಎನ್ನಿಸಿ ನನಗೂ ಆ ಶೆಡ್ಡಿಗೆ ಹೋಗಲು ಮುಜುಗರವಾಗುತ್ತಿತ್ತು, ನಿಜ ಹೇಳಬೇಕೆಂದರೆ ಈಗಲೂ ಆಗುತ್ತದೆ.

ತಾಯಿಯ ವರ್ಷದ ಕಾರ್ಯಕ್ಕೆ ಹೊರಡುವ ಮುನ್ನಾದಿನ ಯಮನೂರನ ಎಂಜಿನ್ನಿನಲ್ಲಿ ಸದ್ದು ಬಂತು. ಬಿಚ್ಚಿದರೆ ಚೈನಿನ ಬಿಗಿ ಕಾಯುವ ಟೆನ್ಷನರ್ ಕೆಟ್ಟಿತ್ತು. ಹೊಸದು ನನ್ನಲ್ಲಿತ್ತು, ಚೈನೂ ಇತ್ತು. ಸ್ಪ್ರಾಕೆಟ್ ಮಾತ್ರ ಪೇಟೆಯಲ್ಲೆಲ್ಲೂ ಸಿಗಲಿಲ್ಲ. ಯಮನೂರ ತನ್ನ ಚಕ್ರವನ್ನು ತಾನೇ ತೊಳೆದು ಮುನಿರಾಜಣ್ಣನ ಮುಂದೆ ಹಿಡಿದ.

"ನೀವ ನೋಡಿ ಹೇಳ್ರಿ ಗೌಡ್ರ."

"ನಂಗೆ ಆಗಾಕಿಲ್ಲ. ಬೇರೆ ಯಾರಿಗಾದ್ರೂ ತೋರಿಸು."

"ಬ್ಯಾರೆಯವ್ರು ಹೇಳಿದ್ರ ನಾ ಗಾಡಿ ಹತ್ತಂಗಿಲ್ರಿ."

ಕೊನೆಗೆ ಮುನಿರಾಜಣ್ಣ ಚಕ್ರವನ್ನು ಬಾಗಿಲ ಬಿಸಿಲಿಗೆ ಒಯ್ದ. ಉಗುರಿಲ್ಲದ ಹೆಬ್ಬೆರಳಿನಿಂದ ಸವರಿದ. ಚೈನು ಸುತ್ತಿ ಎಳೆದ, ತಿರುಗಿಸಿ ಎಳೆದ, ಮತ್ತೆ ಎಳೆದ. ಬೆಳಕು ಕಾಣಲಿಲ್ಲ. "ಆಕು" ಎಂದ. ಮರುದಿನ ಕಾರು ಹೊರಟಾಗ ನೋಡಿದರೆ ಯಮನೂರನ ಪಕ್ಕದ ಸೀಟಿನಲ್ಲಿ ಮುನಿರಾಜಣ್ಣ ಕೂತಿದ್ದ, ತೊಡೆಯ ಮೇಲೆ ಟೂಲ್ ಬಾಕ್ಸ್. ದಾರಿಯುದ್ದಕ್ಕೂ ಮಾತಾಡದೆ ಎಂಜಿನ್ನಿಗೇ ಕಿವಿ ಕೊಟ್ಟಿದ್ದನಂತೆ. ಊರು ಮುಟ್ಟಿದ ಮೇಲೆ ಆ ತಾಯಿಯ ಸಮಾಧಿಗೆ ಅಡ್ಡಬಿದ್ದನಂತೆ. ಇದನ್ನೆಲ್ಲ ಹೇಳಿದವನು ಯಮನೂರ. ಮುನಿರಾಜಣ್ಣ ನನಗೆ ಹೇಳಿದ್ದು, "ಗಾಡಿ ಚೆನ್ನಾಗ್ ಓಯ್ತು" ಎಂದಷ್ಟೆ. ಗೋಡೆಯ ಚಕ್ರವನ್ನು ಆಮೇಲೂ ಇಳಿಸಲಿಲ್ಲ, ಉಗುರನ್ನೂ ಬೆಳೆಸಲಿಲ್ಲ.

ಕಳೆದ ಚಳಿಗಾಲದಲ್ಲಿ ಮುನಿರಾಜಣ್ಣ ಹೃದಯಾಘಾತವಾಗಿ ತೀರಿಕೊಂಡ. ಮನೆಯವರು ಬಿಳಿ ಪಂಚೆ ಉಡಿಸಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಯಮನೂರ ಆಗ ಸಿಂಧನೂರಿನ ಕಡೆ ತನ್ನ ಊರಲ್ಲಿದ್ದ. ತಾನು ಬರುವವರೆಗೆ ತಡೆಯಿರಿ ಎಂದು ಫೋನಿನಲ್ಲಿ ಅಂಗಲಾಚಿದ್ದ. ಎಷ್ಟೆಂದು ತಡೆಯುವುದು? ಹೊತ್ತು ಇಳಿಯುತ್ತಿತ್ತು. ಗುಣಿಗೆ ಇಳಿಸಿ ಮಕ್ಕಳು ಮಣ್ಣು ಹಾಕುತ್ತಿದ್ದಾಗ ಆ ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಯಮನೂರ ಬಾಗಿಲು ಹಾಕದೆ ಓಡಿ ಬಂದು, ಮೊಣಕಾಲೂರಿ, ಬೊಗಸೆ ತುಂಬ ಮಣ್ಣು ತೆಗೆದುಕೊಂಡ.

"ಗಾಡಿ ಎಲ್ಲೂ ನಿಲ್ಲಲಿಲ್ರಿ ಗೌಡ್ರ" ಎಂದು ಹೇಳಿ ಹಾಕಿದ.