ಅಳತೆಯಮ್ಮನ ನೀಲಿ ಪರದೆ

ಐವತ್ತೆಂಟನೇ ವಯಸ್ಸಲ್ಲಿ ಅಳತೆಯಮ್ಮನಿಗೆ ಒಂದೇ ವಾರದಲ್ಲಿ ಎರಡು ಮನೆ ಒಲಿದು ಬಂದ್ವು. ಒಂದು ಪಟ್ಟಣದಲ್ಲೇ, ದೊಡ್ಡ ಕಟ್ಟಡದ ಒಂಬತ್ತನೇ ಮಹಡೀಲಿ, ಇನ್ನೊಂದು ಸಮುದ್ರದ ನಡುವೆ ದ್ವೀಪದಲ್ಲಿ. ಅಲ್ಲೀವರೆಗೂ ಅವಳಿಗಿದ್ದಿದ್ದು ಒಂದೇ ಒಂದು ಬಾಡಿಗೆ ಕೋಣೆ, ಅದೂ ಪರದೆ ಅಂಗಡಿ ಬೆನ್ನಿಗೆ ಅಂಟಿಕೊಂಡಿದ್ದು. ಕಿಟಕಿ ಇತ್ತು, ಇಲ್ಲ ಅನ್ನೋ ಹಾಗಿಲ್ಲ. ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗೋದು. ಆ ಗೋಡೇಲಿ ಉದ್ದಕ್ಕೆ ಒಂದು ಬಿರುಕು. ಮೂವತ್ತೊಂದು ವರ್ಷ ಆ ಬಿರುಕು ನೋಡ್ಕೊಂಡೇ ಬೆಳಗಿನ ಟೀ ಕುಡಿದ್ಲು ಮಹಾತಾಯಿ. ಪಟ್ಟಣದ ಅರ್ಧ ಕಿಟಕಿಗಳಿಗೆ ಪರದೆ ಹೊಲಿದವಳು, ತನ್ನ ಕಿಟಕಿಗೆ ಒಂದು ಚಿಂದಿನೂ ಕಟ್ಟಲಿಲ್ಲ. ಕೇಳಿದ್ರೆ, "ಆ ಗೋಡೆಗೇನು ನಾಚಿಕೆನಾ, ಮರೆ ಮಾಡೋಕೆ?" ಅನ್ನೋಳು.

ಅಳತೆಯಮ್ಮ ಅಂತ ಯಾಕೆ ಕರೀತಿದ್ರು ಅಂದ್ರೆ, ಅವಳು ಅಳತೆ ಬರ್ಕೊಳ್ತಾನೇ ಇರಲಿಲ್ಲ. ಟೇಪು ಕತ್ತಿನಲ್ಲಿ ನೇತಾಡ್ತಿರೋದು. ಗಿರಾಕಿ ಮನೆಗೆ ಹೋಗಿ ಒಂದ್ಸಲ ಹಿಡಿದು ನೋಡೋಳು, ಅಷ್ಟೇ. ಅಂಗಡಿಗೆ ಬಂದು, ಬಟ್ಟೆ ಹಾಸಿ, ಕತ್ತರಿ ಕೈಗೆ ತಗೊಂಡು ಕಣ್ಣು ಮುಚ್ಚೋಳು. ಕಣ್ಣು ಮುಚ್ಚಿದ್ರೆ ಆ ಕಿಟಕಿ ಬಂದು ಎದುರಿಗೆ ನಿಲ್ಲುತ್ತಂತೆ, ಚೌಕಟ್ಟು, ಚಿಲಕ, ಬಿಸಿಲು ಸಮೇತ. ಆಮೇಲೆ ಒಂದೇ ಉಸಿರಿಗೆ ಕತ್ತರಿ ಆಡಿಸಿಬಿಡೋಳು. ಮೊದಮೊದಲು ಅಂಗಡಿ ಯಜಮಾನರು ಅದನ್ನ ನೋಡಲಾರದೆ ಬೀದಿಗೆ ಹೋಗಿ ನಿಲ್ತಿದ್ರು. ಒಂದ್ಸಲ ಒಂದು ಹಳೇ ಆಸ್ಪತ್ರೆಗೆ ನಲವತ್ತು ಕಿಟಕಿ ಪರದೆ, ಒಂದರ ಹಾಗೆ ಇನ್ನೊಂದಿಲ್ಲ. ನಲವತ್ತೂ ಕೂತ್ವು ನೋಡಿ, ಹೇಳಿ ಮಾಡಿಸಿದ ಹಾಗೆ. ಯಜಮಾನರು ಅವತ್ತಿಂದ ಬೀದಿಗೆ ಹೋಗೋದು ಬಿಟ್ಟು, ಗಿರಾಕಿಗಳನ್ನ ಕರೆದು ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋಕೆ ಶುರು ಮಾಡಿದ್ರು. ಮೂವತ್ತೊಂದು ವರ್ಷದಲ್ಲಿ ಒಂದು ತುಂಡು ತಪ್ಪು ಕತ್ತರಿಸಿದವಳಲ್ಲ. ಈ ಮಾತು ಮರೀಬೇಡಿ, ಆಮೇಲೆ ಬೇಕಾಗುತ್ತೆ.

ಗಂಡ ಬೋಟ್ ಮೇಸ್ತ್ರಿ. ಬೋಟಿನ ಇಂಜಿನ್ನು ಬಿಚ್ಚೋದು, ಜೋಡಿಸೋದು, ಮತ್ತೆ ಬಿಚ್ಚೋದು. ಮೈಯಲ್ಲಿ ಡೀಸೆಲ್ ವಾಸನೆ, ಕಾಲಲ್ಲಿ ಕಬ್ಬಿಣದ ಮೂತಿಯ ಭಾರದ ಬೂಟು. ಆ ಬೂಟಿನ ಮೇಲೆ ಅವನಿಗಿದ್ದ ಸಿಟ್ಟು ಯಾವ ಮನುಷ್ಯನ ಮೇಲೂ ಇರಲಿಲ್ಲ. ಬಾಯಿ ತೆಗೆದ್ರೆ, "ಕೆಲಸ ಮುಗಿದ ದಿನ ಇದನ್ನ ಸಮುದ್ರಕ್ಕೆ ಎಸೆದು ಬರಿಗಾಲಲ್ಲಿ ಓಡಾಡ್ತೀನಿ ಕಣೇ" ಅಂತ ಇದೇ ರಾಗ.

ಮಂಗಳವಾರ ಕಾಗದ ಬಂತು. ದರ್ಜಿಗಳ ಸಂಘದವರು ಕಟ್ಟಿಸಿದ ದೊಡ್ಡ ಕಟ್ಟಡದಲ್ಲಿ ಇವಳ ಸರದಿ ಬಂದಿದೆ ಅಂತ. ಹೆಸರು ಕೊಟ್ಟು ಇಪ್ಪತ್ತೆರಡು ವರ್ಷ ಆಗಿತ್ತು, ಕೊಟ್ಟಿದ್ದನ್ನೇ ಮರೆತಿದ್ಲು. ಶುಕ್ರವಾರ ಗಂಡನ ಅಕ್ಕನ ಫೋನು. ಆಕೆ ದ್ವೀಪದಲ್ಲಿ ಒಬ್ಬಳೇ ಮನೆ ಮಾಡ್ಕೊಂಡು ಇದ್ದವಳು, ಈಗ ಮಗಳ ಮನೆಗೆ ಹೊರಟಿದ್ಲು. "ಈ ಮನೇನ ನಿಮ್ಮಿಬ್ಬರಿಗೆ ಬಿಟ್ಟು ಹೋಗ್ತೀನಿ ಕಣೋ, ಬರ್ತೀರಾ? ಇಲ್ಲಾಂದ್ರೆ ಇಲ್ಲಿನ ಶಾಲೆ ಟೀಚರ್ ಕೇಳ್ತಿದ್ದಾರೆ" ಅಂದ್ಲು.

ಎರಡನ್ನೂ ಇಟ್ಕೊಳ್ಳೋ ಹಾಗಿಲ್ಲ. ಕೀ ತಗೊಂಡವರು ತಾವೇ ಇರಬೇಕು ಅಂತ ಸಂಘದ ಕಟ್ಟಪ್ಪಣೆ. ದ್ವೀಪದ ಅತ್ತಿಗೆದೂ ಅದೇ ಮಾತು, ಬೀಗ ಹಾಕಿ ಬಿಡೋ ಮನೆ ಅಲ್ಲ ಅಂತ. ತಿಂಗಳ ಕೊನೇ ಸೋಮವಾರದೊಳಗೆ ಸಂಘಕ್ಕೆ ಹೂಂ ಅಥವಾ ಊಹೂಂ ಹೇಳಬೇಕು. ಒಂದು ಕೋಣೆ ಬಿಟ್ಟು ಇನ್ನೊಂದು ಕಾಣದವರಿಗೆ ಎರಡು ಅರಮನೆ ತೋರಿಸಿ ಆರಿಸ್ಕೋ ಅಂದ್ರೆ ನಿದ್ದೆ ಬರುತ್ತಾ? ಇಬ್ಬರೂ ಮಾತಾಡ್ತಾ ಮಾತಾಡ್ತಾ ಹಾಲು ಉಕ್ಕಿಸಿದ್ರು, ಅನ್ನ ಸೀಯಿಸಿದ್ರು, ಒಂದಿನ ಅಂಗಡಿಗೆ ಬೇರೆ ಬೇರೆ ಜೋಡಿ ಚಪ್ಪಲಿ ಹಾಕ್ಕೊಂಡು ಹೋದ್ಲು ಇವಳು.

ಮೊದಲು ಪಟ್ಟಣದ ಮನೆ ನೋಡೋಕೆ ಹೋದ್ರು. ಲಿಫ್ಟ್ ಬಾಗಿಲು ತೆಗೀವಾಗ ಕರಕರ ಅಂತು. ಅಷ್ಟೇ ಸಾಕಾಯ್ತು, ಗಂಡ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಾಗಿಲ ಸಂದಿಗೆ ಕಣ್ಣು ಹಾಕಿದ. "ನೀನು ಹೋಗಿರು, ಇದರ ಹೊಟ್ಟೇಲಿ ಏನೋ ಸಿಕ್ಕಿಕೊಂಡಿದೆ, ನೋಡಿ ಬರ್ತೀನಿ" ಅಂದ. ಇವಳು ಒಬ್ಬಳೇ ಒಳಗೆ ಹೋಗಿ ಬಾಲ್ಕನಿ ಬಾಗಿಲು ತಳ್ಳಿದ್ಲು. ಅಯ್ಯೋ, ಏನು ಹೇಳ್ಲಿ. ಕೆಳಗೆ ಮೂರು ಜೋಡಿ ರೈಲು ಹಳಿ. ಅದರಾಚೆ ಬೇಕರಿ ಚಿಮಣಿ. ಸಾಲು ಸಾಲು ತಾರಸಿ, ಒಂದರಲ್ಲಿ ಬಟ್ಟೆ ಒಣಗಿಸೋಳು, ಇನ್ನೊಂದರಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದೋನು, ಮತ್ತೊಂದರಲ್ಲಿ ಇಬ್ಬರು ಜಗಳ ಆಡ್ತಿದ್ದಾರೆ, ಮಾತು ಕೇಳಿಸ್ತಿಲ್ಲ, ಕೈ ಮಾತ್ರ ಕಾಣ್ತಿದೆ. ಯಾರು ಗೆಲ್ತಾರೆ ಅಂತ ನೋಡ್ತಾ ನಿಂತವಳಿಗೆ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಅಭ್ಯಾಸಬಲ ನೋಡಿ, ಹೊರಡೋ ಮುಂಚೆ ಟೇಪು ಹಿಡಿದು ಬಾಗಿಲು, ಕಿಟಕಿ ಎಲ್ಲಾ ಅಳೆದು ಬಂದ್ಲು.

ಮುಂದಿನ ವಾರ ದ್ವೀಪ. ಬೋಟಲ್ಲಿ ಅರ್ಧ ದಿನ. ಬಿಳೀ ಮರಳು, ತೆಂಗಿನ ಮರ, ಮನೆ ಮೆಟ್ಟಿಲಿಂದ ಎಣಿಸಿ ಅರವತ್ತು ಹೆಜ್ಜೆಗೆ ನೀರು. ಗಂಡ ಬೋಟಿಂದ ಇಳಿದವನೇ ಬೂಟು ಬಿಚ್ಚಿದ, ಮೂರು ದಿನ ಅದರ ಮುಖ ನೋಡಲಿಲ್ಲ. ಇವಳೂ ಏನು ಕಮ್ಮಿ ಇಲ್ಲ, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತು, ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿ ಹಾಗೆ ಕಿರುಚಿದ್ಲು. ಆರು ಕಿಟಕಿ ಆ ಮನೆಗೆ. ಅವನ್ನೂ ಅಳೆದ್ಲು ಅನ್ನಿ.

ಬಂದ ಮೇಲೆ ಗಂಡ ಬೂಟು ಹಾಕ್ಕೊಳ್ಳೋವಾಗ ಅವನ ಮುಖ ನೋಡಿದ್ಲು. ನೋಡಿ, "ದ್ವೀಪಾನೇ ಆಗ್ಲಿ ಬಿಡ್ರೀ" ಅಂದುಬಿಟ್ಲು.

"ನಿಜವಾಗ್ಲೂ?"

"ಹೂಂ ಅಂದೆನಲ್ಲ. ಇನ್ನೆಷ್ಟು ಸಲ ಹೇಳಿಸ್ತೀರಿ?"

"ನಿನಗೆ ಬೇಜಾರಿಲ್ಲ ತಾನೇ?"

"ಸಮುದ್ರ ಕಾಣೋ ಮನೆ ಬೇಡ ಅನ್ನೋಕೆ ನನಗೇನು ಹುಚ್ಚಾ?"

ಸುಳ್ಳು ಹೇಳಲಿಲ್ಲ ಅವಳು, ಮನಸ್ಸಾರೆ ಹೇಳಿದ್ಲು. ಮೇಸ್ತ್ರಿಗೆ ಹಿಗ್ಗು ಹಿಡಿಸಲಾರದೆ, ಸಿಕ್ಕಿದವರಿಗೆಲ್ಲ ಮೀನು ಹಿಡಿಯೋದು ಹೇಗೆ ಅಂತ ಪಾಠ ಹೇಳಿಕೊಂಡು ತಿರುಗಾಡಿದ. ಜನ್ಮದಲ್ಲಿ ಒಂದು ಮೀನು ಹಿಡಿದವನಲ್ಲ.

ಅಳತೆಯಮ್ಮನ ಪೆಟ್ಟಿಗೆ ತಳದಲ್ಲಿ ಒಂದು ನೀಲಿ ಬಟ್ಟೆ ಇತ್ತು. ಯಾರೋ ಗಿರಾಕಿ ಆರ್ಡರ್ ಕೊಟ್ಟು ಬೇಡ ಅಂದಿದ್ದು, ಯಜಮಾನರು ಇವಳಿಗೇ ಇಟ್ಕೋ ಅಂದಿದ್ರು. ಹನ್ನೊಂದು ವರ್ಷ ಕತ್ತರಿ ಸೋಕಿಸದೆ ಇಟ್ಟಿದ್ಲು. ಸ್ವಂತ ಕಿಟಕಿ ಅಂತ ಒಂದು ಬರಲಿ, ಆಮೇಲೆ ನೋಡೋಣ ಅಂತ. ಅದನ್ನ ತೆಗೆದು ಮೇಜಿನ ಮೇಲೆ ಹಾಸಿ, ಮಡಿಕೆ ಗುರುತನ್ನೆಲ್ಲ ಅಂಗೈಯಲ್ಲಿ ನೀವಿದ್ಲು. ಕಣ್ಣು ಮುಚ್ಚಿದ್ಲು, ಕತ್ತರಿಸಿದ್ಲು. ಎರಡು ದಿನ ಕೂತು ಹೊಲಿದ್ಲು, ಗುನುಗ್ತಾ ಗುನುಗ್ತಾ. ಮೂರು ಜೊತೆ ಆಯ್ತು, ಬಟ್ಟೆ ಮುಗೀತು. ಉಳಿದ ಮೂರು ಕಿಟಕಿಗೆ ಮುಂದೆ ನೋಡೋಣ ಅಂದುಕೊಂಡು ಚೀಲಕ್ಕೆ ತುಂಬಿದ್ಲು.

ಗುರುವಾರ ಬೋಟ್ ಹತ್ತಿ ಮತ್ತೆ ದ್ವೀಪಕ್ಕೆ ಹೋದ್ರು, ಅತ್ತಿಗೆ ಹತ್ತಿರ ಮನೆ ವಹಿಸಿಕೊಳ್ಳೋಕೆ. ಭಾನುವಾರದ ಬೋಟಲ್ಲಿ ವಾಪಸ್ಸು ಬಂದು, ಸೋಮವಾರ ಸಂಘಕ್ಕೆ ಊಹೂಂ ಹೇಳಿ, ಸಾಮಾನು ಕಟ್ಟೋದು ಅಂತ ಲೆಕ್ಕ. ಇವಳಿಗೆ ಕೂರೋಕೂ ಪುರುಸೊತ್ತಿಲ್ಲ. ಸ್ಟೂಲ್ ಹತ್ತಿ, ಮುಂದಿನ ಕೋಣೆ ಕಿಟಕಿಗೆ ಕಂಬಿ ಸಿಕ್ಕಿಸಿ, ಪರದೆ ಇಳಿಬಿಟ್ಲು.

ಪರದೆ ಕಿಟಕಿ ದಾಟಿತು. ಗೋಡೆ ದಾಟಿತು. ನೆಲದ ಮೇಲೆ ಬಂದು ಒಂದು ಮೊಳ ಮುದುಡಿ ಕೂತಿತು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ಲು. "ಏನಮ್ಮಾ ಇದು, ಪರದೆನೋ ಇಲ್ಲಾ ನೆಲ ಒರೆಸೋಕೆ ತಂದಿದ್ದೋ?"

"ಸ್ವಲ್ಪ ಇರಿ ಅತ್ತಿಗೆ, ಇದು ಬೇರೆ ಕಿಟಕಿದು" ಅಂತ ಇವಳು ಎರಡನೇ ಜೊತೆ ತೆಗೆದ್ಲು. ಅದು ಅಗಲ ಸಾಲದು. ಮೂರನೇದು ಚೋಟುದ್ದ, ಅರ್ಧ ಕಿಟಕಿಗೂ ಬರಲ್ಲ. ಆರೂ ಕಿಟಕಿಗೂ ಹಿಡಿದು ನೋಡಿದ್ಲು, ಒಂದೂ ಕೂರಲಿಲ್ಲ. ಸ್ಟೂಲ್ ಮೇಲೆ ನಿಂತವಳು ಇಳೀಲೇ ಇಲ್ಲ. ಕಣ್ಣಲ್ಲಿ ನೀರು ತುಂಬಿ ಬಂತು. "ನನ್ನ ಕಣ್ಣು ಹೋಯ್ತು ಕಣ್ರೀ. ಹನ್ನೊಂದು ವರ್ಷ ಇಟ್ಟ ಬಟ್ಟೆ, ಹಾಳು ಮಾಡ್ಬಿಟ್ಟೆ" ಅಂದ್ಲು.

ಮೇಸ್ತ್ರಿ ಅವಳ ಕತ್ತಿನ ಟೇಪು ತೆಗೆದು ಉದ್ದದ ಪರದೆ ಅಳೆದ. ಇಂಜಿನ್ನಿನ ಮನುಷ್ಯ ಅವನು, ಏನು ಕೆಟ್ರೂ ಮೊದಲು ಎಲ್ಲಿ ಸರಿ ಇದೆ ಅಂತ ಹುಡುಕ್ತಾನೆ.

"ಏಳಡಿ ಎರಡಿಂಚು. ಇದು ಯಾವುದರ ಅಳತೆ, ಹೇಳು ನೋಡೋಣ?"

ಅವಳು ಕಣ್ಣು ಮುಚ್ಚಿದ್ಲು. ಮುಚ್ಚಿದ್ದೇ ತಡ, ಬಾಲ್ಕನಿ ಬಾಗಿಲು ಬಂದು ನಿಂತಿತು. ಹಳಿ, ಚಿಮಣಿ, ಜಗಳ ಆಡೋ ಕೈಗಳು ಸಮೇತ. ಎರಡನೇದು ಅಲ್ಲಿನ ಮಲಗೋ ಕೋಣೆದು. ಚೋಟುದ್ದದ್ದು ಅಲ್ಲಿನ ಅಡುಗೆಮನೆ ಕಿಟಕಿದು. ಬಟ್ಟೆ ಮೂರು ಜೊತೆಗೇ ಯಾಕೆ ಮುಗೀತು ಅಂತಾನೂ ಆಗ ಗೊತ್ತಾಯ್ತು ಅವಳಿಗೆ. ಆ ಮನೇಲಿ ಇರೋದೇ ಮೂರು.

"ಬೇಕು ಅಂತ ಮಾಡಲಿಲ್ಲ ಕಣ್ರೀ. ನಾನು ದ್ವೀಪ ಅಂತಾನೇ ಅಂದ್ಕೊಂಡು ಕತ್ತರಿಸಿದ್ದು."

"ಗೊತ್ತು. ನೀನು ಮೂವತ್ತೊಂದು ವರ್ಷದಲ್ಲಿ ಒಂದು ತುಂಡು ತಪ್ಪು ಕತ್ತರಿಸಿಲ್ಲ. ಇದನ್ನೂ ತಪ್ಪು ಕತ್ತರಿಸಿಲ್ಲ" ಅಂದ. "ಪರದೆ ಸರಿಯಾಗೇ ಇದೆ. ಮನೆ ತಪ್ಪು."

ಹಾಗಂತ ದೊಡ್ಡ ಮನಸ್ಸಿನ ದೇವರು ಅಂತ ತಿಳ್ಕೋಬೇಡಿ ಅವನನ್ನ. ಹಾಗಂದವನೇ ಹೊರಗೆ ಹೋಗಿ ಮರಳಲ್ಲಿ ಸಂಜೆವರೆಗೂ ಕೂತ. ಇವಳು ಹೋಗಿ ಪಕ್ಕದಲ್ಲಿ ಕೂತು, "ಪರದೆ ಬಿಚ್ಚಿ ಮೋಟು ಮಾಡ್ತೀನಿ ಬಿಡಿ, ಇಲ್ಲೇ ಇರೋಣ" ಅಂದ್ರೆ, "ಆ ಬಟ್ಟೆಗೆ ಇನ್ನೊಂದ್ಸಲ ಕತ್ತರಿ ಹಾಕಿದ್ರೆ ನಿನ್ನ ಕೈ ಮುರೀತೀನಿ" ಅಂತ ಗದರಿದ. ಮಾರನೇ ದಿನ ಅತ್ತಿಗೆ, ಮನೆ ನೀವೇ ತಗೊಳ್ಳಿ ಅಂತ ಶಾಲೆ ಟೀಚರಿಗೆ ಹೇಳಿ ಕಳಿಸಿದ್ಲು. ವಾಪಸ್ಸು ಬೋಟಲ್ಲಿ ಅವನು ಬೂಟು ಹಾಕ್ಕೊಳ್ಳಲಿಲ್ಲ, ಲೇಸು ಗಂಟು ಹಾಕಿ ಹೆಗಲಿಗೆ ನೇತುಹಾಕ್ಕೊಂಡು ಕೂತ. ದಾರಿ ಉದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಇದ್ದ. ದಡ ಕಾಣೋ ಹೊತ್ತಿಗೆ ಮೆಲ್ಲಗೆ ಕೇಳಿದ:

"ಆ ಲಿಫ್ಟ್ ಈಗಲೂ ಹಾಗೇ ಕರಕರ ಅಂತಿರುತ್ತಾ?"

"ರಿಪೇರಿ ಮಾಡೋಕೆ ಯಾರೂ ಗತಿ ಇಲ್ಲವಂತೆ ರೀ" ಅಂದ್ಲು ಇವಳು, ನಗು ನುಂಗಿಕೊಂಡು.

"ಮೂರ್ಖರು. ಗ್ರೀಸ್ ಹಾಕೋ ಜಾಗದಲ್ಲಿ ಎಣ್ಣೆ ಹಾಕಿದ್ದಾರೆ" ಅಂದ. ಅಲ್ಲಿಂದ ಬಂದರು ಮುಟ್ಟೋವರೆಗೂ ಬಾಯಿ ಮುಚ್ಚಲಿಲ್ಲ.

ಸೋಮವಾರ ಕೀ ಕೈಗೆ ಬಂತು. ಆವತ್ತೇ ಮೂರೂ ಜೊತೆ ಪರದೆ ಏರಿತು. ಒಂದು ನೂಲು ಹೆಚ್ಚಿಲ್ಲ, ಕಮ್ಮಿ ಇಲ್ಲ. ಯಜಮಾನರು ನೋಡೋಕೆ ಬಂದು, ಬಾಲ್ಕನಿ ಬಾಗಿಲ ಮುಂದೆ ನಿಂತು ತಲೆದೂಗಿದ್ರು. ಅವರು ಹೋದ ಮೇಲೆ ಇವಳು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಪರದೆ ಸರ್ರಂತ ಎರಡೂ ಕಡೆಗೆ ಎಳೆದು, ಪಟ್ಟಿ ಕಟ್ಟಿ, ಕುರ್ಚಿ ಹಾಕ್ಕೊಂಡು ಟೀ ಲೋಟ ಹಿಡಿದು ಕೂತಿದ್ದು.

ಈಗ ಆ ಕಟ್ಟಡದ ಲಿಫ್ಟು ಸದ್ದೇ ಮಾಡಲ್ಲ. ಮೇಸ್ತ್ರಿ ಮಧ್ಯಾಹ್ನ ಬೂಟು ಬಿಚ್ಚಿ ತಾರಸಿ ಮೇಲೆ ಬರಿಗಾಲಲ್ಲಿ ತಿರುಗ್ತಾನೆ, ಕಾಲು ಸುಟ್ಟುಕೊಂಡು ಕುಣೀತಾ ಕೆಳಗೆ ಬರ್ತಾನೆ. ಬಂದವನದು ದಿನಾ ಒಂದೇ ಮಾತು. "ಅಲ್ಲ ಕಣೇ, ಈ ಪರದೆಗೋಸ್ಕರ ನಾನು ಸಮುದ್ರ ಬಿಟ್ಟು ಬಂದೆ. ನೀನು ಒಂದು ದಿನ ಆದ್ರೂ ಇದನ್ನ ಮುಚ್ಚಿದ್ದು ನೋಡಲಿಲ್ಲವಲ್ಲ ನಾನು."

"ಸುಮ್ಮನಿರಿ. ಎದುರು ತಾರಸಿಯವರು ಮತ್ತೆ ಶುರು ಹಚ್ಕೊಂಡಿದ್ದಾರೆ" ಅಂತಾಳೆ ಇವಳು, ಕಣ್ಣು ಕದಲಿಸದೆ. "ಬನ್ನಿ ಬೇಗ, ಇವತ್ತು ಹೆಂಗಸೇ ಗೆಲ್ಲೋ ಹಾಗಿದೆ."

ಅವನೂ ಕುರ್ಚಿ ಎಳ್ಕೊಂಡು ಕೂರ್ತಾನೆ.